ಗೆಲಿಲಿಯೋನ ಕೊಳವೆ ಇಟ್ಟುಕೊಂಡು ಮಿಲ್ಟನ್ ಓದಿಸುವುದು

ಮಿಲ್ಟನ್‌ನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನ 1ನೇ ಕಾಂಡದಲ್ಲಿ (ಸಾಲು 287–291) ಸೈತಾನನ ಗುರಾಣಿ, ಇಟಲಿಯ ಫಿಯೆಸೊಲೆ ಗುಡ್ಡದ ಮೇಲಿಂದ ಗೆಲಿಲಿಯೋ ದೂರದರ್ಶಕದಲ್ಲಿ ಕಂಡ ಚಂದ್ರನಂತಿದೆ. ಈ ಸಾಲುಗಳನ್ನು ಎಂ.ಎ. ತರಗತಿಗೆ ಓದಿಸುವಾಗ ನಾನು ಮೊದಲು ಅಂಥದೇ ದೂರದರ್ಶಕದ ಕೊಳವೆ ಕೈಗೆ ಕೊಡುತ್ತೇನೆ, ಟಿಪ್ಪಣಿ ಆಮೇಲೆ.

ಕೊಳವೆ ಮಾಡುವುದು ಕಷ್ಟವಲ್ಲ. ಮುಂದೆ 1000 ಮಿ.ಮೀ. ನಾಭಿದೂರದ ಪೀನ ಮಸೂರ, ಕಣ್ಣಿನ ಬಳಿ 50 ಮಿ.ಮೀ.ನ ನಿಮ್ನ ಮಸೂರ, ನಡುವೆ ಸುಮಾರು 950 ಮಿ.ಮೀ. ಅಂತರ. ಪಿವಿಸಿ ಪೈಪಿನ ಒಳಮೈಗೆ ಕಪ್ಪು ಕಾಗದ. 20 ಪಟ್ಟು ದೊಡ್ಡದಾಗಿ ಕಾಣುತ್ತದೆ. 1610ರಲ್ಲಿ ಗೆಲಿಲಿಯೋ ಬಳಸಿದ ಕೊಳವೆಯ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಮುಂದಿನ ಮಸೂರದ ಮೇಲೆ 20 ಮಿ.ಮೀ. ತೂತಿನ ಕಪ್ಪು ರಟ್ಟು ಅಂಟಿಸಲೇಬೇಕು, ಇಲ್ಲದಿದ್ದರೆ ಚಂದ್ರನ ಅಂಚಿಗೆಲ್ಲ ಬಣ್ಣ ಹತ್ತಿ ಬಿಂಬ ಮಸುಕಾಗುತ್ತದೆ. ಬರಿಗೈಯಲ್ಲಿ ಹಿಡಿದರೆ ಅದುರುತ್ತದೆ, ಸ್ಟ್ಯಾಂಡಿಗೆ ಕಟ್ಟಿ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ.

ಹುಣ್ಣಿಮೆ ಕೆಲಸಕ್ಕೆ ಬಾರದು; ಆಗ ನೆರಳಿಲ್ಲ, ನೆರಳಿಲ್ಲದೆ ಬೆಟ್ಟ ಕಾಣದು. ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿ ಒಳ್ಳೆಯವು. ಬೆಳಕು-ಕತ್ತಲೆಯ ಗಡಿ ದಾಟಿ, ಕತ್ತಲೆಯ ಒಳಗೇ ಅಲ್ಲೊಂದು ಇಲ್ಲೊಂದು ಚುಕ್ಕಿ ಹೊಳೆಯುತ್ತದೆ. ಅವು ಬಿಸಿಲು ಮೊದಲು ತಾಗಿದ ಶಿಖರಗಳು. ಅಂಥ ಚುಕ್ಕಿ ಗಡಿಯಿಂದ ಚಂದ್ರವ್ಯಾಸದ 20ರಲ್ಲೊಂದು ಪಾಲಿನಷ್ಟು ದೂರವಿದೆ ಎಂದು ಗೆಲಿಲಿಯೋ ಅಂದಾಜಿಸಿದ. ವ್ಯಾಸ 2000 ಮೈಲಿ ಎಂದರೆ ತ್ರಿಜ್ಯ 1000, ದೂರ 100. ಇವೆರಡೂ ಲಂಬಕೋನ ತ್ರಿಭುಜದ ಬಾಹುಗಳು; ಎರಡರ ವರ್ಗ ಕೂಡಿದರೆ 10,10,000, ಅದರ ವರ್ಗಮೂಲ ಸುಮಾರು 1005, ಅಂದರೆ ಚಂದ್ರನ ಕೇಂದ್ರದಿಂದ ಶಿಖರಕ್ಕೆ ಇರುವ ದೂರ. ಅದರಲ್ಲಿ ತ್ರಿಜ್ಯ ಕಳೆದರೆ ಬೆಟ್ಟದ ಎತ್ತರ ನಾಲ್ಕು ಮೈಲಿಗೂ ಮೇಲೆ! ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದ ಮೇಲೆ, ಆ ಸಾಲುಗಳಲ್ಲಿ ಬರುವ ಕಲೆ ತುಂಬಿದ ಗೋಳ, ಅದರ ಬೆಟ್ಟಗಳು ಅಲಂಕಾರವಾಗಿ ಉಳಿಯುವುದಿಲ್ಲ. ನುಣುಪಾದ, ಕಳಂಕವಿಲ್ಲದ ಆಕಾಶಕಾಯ ಎಂಬ ಅರಿಸ್ಟಾಟಲನ ನಂಬಿಕೆ ಅಲ್ಲಿ ಒಡೆದಿದೆ.

ಈ ಕೊಳವೆಯಲ್ಲಿ ಇಡೀ ಚಂದ್ರ ಒಮ್ಮೆಗೆ ಸಿಗುವುದಿಲ್ಲ; ತುಂಡು ತುಂಡಾಗಿ ನೋಡಿ ಮನಸ್ಸಿನಲ್ಲೇ ಜೋಡಿಸಬೇಕು. ಇದು ಅನುಭವಕ್ಕೆ ಬಂದ ಮೇಲೆಯೇ 5ನೇ ಕಾಂಡದ 261–263ಕ್ಕೆ ಹೋಗುತ್ತೇನೆ. ದೇವದೂತ ರಫೇಲನ ನೋಟದ ಮುಂದೆ ಗೆಲಿಲಿಯೋನ ಗಾಜು ಅಷ್ಟು ಖಚಿತವಲ್ಲ ಎನ್ನುತ್ತಾನೆ ಕವಿ. ನೇರ ಇಲ್ಲಿಗೇ ಬಂದವರು ಇದನ್ನು ಗೆಲಿಲಿಯೋನನ್ನು ಶಿಕ್ಷಿಸಿದ ಚರ್ಚಿನ ಪಕ್ಷದ ಮಾತೆಂದು ಓದಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಚರ್ಚಿನ ವಿಚಾರಣಾ ಮಂಡಳಿಯ (ಇನ್‌ಕ್ವಿಸಿಷನ್) ಕೈದಿಯಾಗಿದ್ದ ಮುದಿ ಗೆಲಿಲಿಯೋನನ್ನು ಇಟಲಿಯಲ್ಲಿ ಕಂಡೆನೆಂದು 1644ರಲ್ಲಿ ಸಿಟ್ಟಿನಿಂದ ಬರೆದವನು ಇದೇ ಮಿಲ್ಟನ್. ಇಲ್ಲಿ ಅಳೆದಿರುವುದು ಉಪಕರಣದ ಮಿತಿಯನ್ನು.

ಭೂಮಿ ತಿರುಗುತ್ತದೆಯೋ ಸೂರ್ಯನೋ ಎಂಬ ಚರ್ಚೆ 8ನೇ ಕಾಂಡದಲ್ಲಿದೆ. 1667ರ ಮೊದಲ ಮುದ್ರಣ ಹಿಡಿದವರಿಗೆ ಅಲ್ಲಿ ಸಿಗದು: ಆಗ ಹತ್ತೇ ಕಾಂಡ, ಈ ಭಾಗ 7ನೆಯದರಲ್ಲಿತ್ತು. 1674ರಲ್ಲಿ ಕಾಂಡಗಳು ಹನ್ನೆರಡಾದವು. ಸಾಲಿನ ಸಂಖ್ಯೆ ಬರೆಯುವಾಗ ಯಾವ ಮುದ್ರಣವೆಂದು ಪಕ್ಕದಲ್ಲೇ ನಮೂದಿಸಿ.