ಲ್ಯಾಂಬ್ ಶಿಫ್ಟನ್ನು ಗಾಸ್ ನಿಯಮದಿಂದ ಹೇಳಿಕೊಡುವುದು: ನನ್ನ ಅನುಭವ

ಹಾಸನದ ಡಿಗ್ರಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ಬಿಎಸ್ಸಿಗೆ ಅಟಾಮಿಕ್ ಫಿಸಿಕ್ಸ್ ತೆಗೆದುಕೊಳ್ಳುತ್ತೇನೆ. ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ: "ಸರ್, ಖಾಲಿ ಜಾಗ ಎಲೆಕ್ಟ್ರಾನಿಗೆ ಏನು ಮಾಡೋಕಾಗುತ್ತೆ?" ಕಣಗಳು ಜೋಡಿಜೋಡಿಯಾಗಿ ಹುಟ್ಟಿ ಮಾಯವಾಗುವ ವಿಡಿಯೋಗಳನ್ನು ನೋಡಿರುತ್ತಾರೆ. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ಹೈಡ್ರೋಜನ್‌ನಲ್ಲಿ ಲ್ಯಾಂಬ್ ಶಿಫ್ಟಿಗೆ, ಅಂದರೆ ಒಂದೇ ಇರಬೇಕಿದ್ದ ಎರಡು ಶಕ್ತಿಮಟ್ಟಗಳ ನಡುವೆ ಕಂಡ ಸಣ್ಣ ಅಂತರಕ್ಕೆ, ಆ ಜೋಡಿಗಳ ಪಾಲು ಸುಮಾರು 27 ಮೆಗಾಹರ್ಟ್ಸ್ ಅಷ್ಟೇ, ಅದೂ ಉಲ್ಟಾ ದಿಕ್ಕಿಗೆ.

ಡಿರಾಕ್ ಸಿದ್ಧಾಂತದ ಪ್ರಕಾರ ಹೈಡ್ರೋಜನ್‌ನ 2ಎಸ್ ಮಟ್ಟ ಮತ್ತು ಎರಡು 2ಪಿ ಮಟ್ಟಗಳಲ್ಲಿ ಕೆಳಗಿನದರ ಶಕ್ತಿ ಒಂದೇ ಇರಬೇಕು. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಮೈಕ್ರೋವೇವ್ ಬಳಸಿ ನೋಡಿದರೆ 2ಎಸ್ ಸ್ವಲ್ಪ ಮೇಲಿತ್ತು. ಈ ಅಂತರವೇ ಲ್ಯಾಂಬ್ ಶಿಫ್ಟ್. ಆವರ್ತನದಲ್ಲಿ ಹೇಳಿದರೆ, ಇವತ್ತಿನ ಲೆಕ್ಕದಲ್ಲಿ ಸುಮಾರು 1057 ಮೆಗಾಹರ್ಟ್ಸ್.

ನಿರ್ವಾತದಲ್ಲೂ ವಿದ್ಯುತ್ ಕ್ಷೇತ್ರ ಪೂರ್ತಿ ಸುಮ್ಮನಿರುವುದಿಲ್ಲ. ಅದರ ಸರಾಸರಿ ಸೊನ್ನೆ, ವರ್ಗದ ಸರಾಸರಿ ಸೊನ್ನೆಯಲ್ಲ. ಆ ಕ್ಷೇತ್ರ ಎಲೆಕ್ಟ್ರಾನನ್ನು ನಡುಗಿಸುತ್ತಲೇ ಇರುತ್ತದೆ. 1948ರಲ್ಲಿ ವೆಲ್ಟನ್ ಕೊಟ್ಟ ಚಿತ್ರ ಇದು. ಈಗ ಆ ನಡುಕವನ್ನು ಎಲೆಕ್ಟ್ರಾನಿನ ಸುತ್ತ ಒಂದು ಪುಟ್ಟ ಗೋಳ ಅಂದುಕೊಳ್ಳಿ. ನ್ಯೂಕ್ಲಿಯಸ್ ಆ ಗೋಳದ ಹೊರಗಿದ್ದರೆ ಅದರ ವಿಭವದ (ಪೊಟೆನ್ಶಿಯಲ್) ಸರಾಸರಿ ಒಂಚೂರೂ ಬದಲಾಗದು. ಗಾಸ್ ನಿಯಮ (ಮುಚ್ಚಿದ ಮೇಲ್ಮೈ ದಾಟುವ ಒಟ್ಟು ವಿದ್ಯುತ್ ಹರಿವನ್ನು ಅದರ ಒಳಗಿನ ಆವೇಶ ಮಾತ್ರ ನಿರ್ಧರಿಸುತ್ತದೆ) ಓದಿದವರಿಗೆ ಇದು ಗೊತ್ತಿರುವುದೇ, ಅಲ್ವಾ? ನ್ಯೂಕ್ಲಿಯಸ್ ಗೋಳದ ಒಳಗೆ ಬಂದಾಗ ಮಾತ್ರ ಸೆಳೆತ ಕಡಿಮೆಯಾಗಿ ಶಕ್ತಿ ಮೇಲೇರುತ್ತದೆ.

ಸಕಲೇಶಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು ತಕ್ಷಣ ಕೇಳಿದಳು: "ಹಾಗಾದ್ರೆ 2ಪಿ ಎಲೆಕ್ಟ್ರಾನ್ ನಡುಗಲ್ವಾ ಸರ್?" ಅದೂ ಅಷ್ಟೇ ನಡುಗುತ್ತದೆ. ಆದರೆ 2ಪಿ ತರಂಗಫಲನ (ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಎಂದು ಹೇಳುವ ಫಲನ) ನ್ಯೂಕ್ಲಿಯಸ್ ಇರುವಲ್ಲಿ ಸೊನ್ನೆ, 2ಎಸ್‌ನದು ಅಲ್ಲ. ಇಡೀ ವಿಷಯದ ಜೀವಾಳ ಇಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಬೋರ್ಡಿನ ಮೇಲೆ ಎರಡು ಗ್ರಾಫನ್ನೂ ಅಕ್ಕಪಕ್ಕ ಬರೆಸುತ್ತೇನೆ.

ಆಮೇಲೆ ಕ್ಯಾಲ್ಕುಲೇಟರ್ ತೆಗೆಸುತ್ತೇನೆ. ನಿರ್ವಾತ ಕ್ಷೇತ್ರದಿಂದಾಗುವ ನಡುಕವನ್ನು ಯಾವ ಆವರ್ತನದಿಂದ ಎಲ್ಲಿಯವರೆಗೆ ಕೂಡಿಸಬೇಕು ಅನ್ನುವುದು ಕಷ್ಟದ ಭಾಗ. ಅಲ್ಲಿ ಈ ಅಂತರವನ್ನು ಮೊದಲು ಲೆಕ್ಕ ಹಾಕಿದ ಭೌತವಿಜ್ಞಾನಿ ಬೇಥೆ ಹಾಕಿದ ಮಿತಿಗಳನ್ನೇ ನೇರವಾಗಿ ಕೊಟ್ಟುಬಿಡುತ್ತೇನೆ. ನಡುಕದ ಅಳತೆ ಸುಮಾರು 72 ಫೆಮ್ಟೋಮೀಟರ್ ಬರುತ್ತದೆ. ಬೋರ್ ತ್ರಿಜ್ಯ, ಅಂದರೆ ಹೈಡ್ರೋಜನ್ ಪರಮಾಣುವಿನ ಅಂದಾಜು ತ್ರಿಜ್ಯ, 52,900 ಫೆಮ್ಟೋಮೀಟರ್. ಭಾಗಿಸಿ, ವರ್ಗ ಮಾಡಿ, 27.2 ಎಲೆಕ್ಟ್ರಾನ್ ವೋಲ್ಟಿನಿಂದ ಗುಣಿಸಿ, 12ರಿಂದ ಭಾಗಿಸಿ. ಪ್ಲಾಂಕ್ ಸ್ಥಿರಾಂಕದಿಂದ ಆವರ್ತನಕ್ಕೆ ತಂದರೆ ಸಾವಿರ ಮೆಗಾಹರ್ಟ್ಸ್ ಆಸುಪಾಸು! ಬೇಥೆ ಸ್ವತಃ ಪಡೆದದ್ದು 1040.

1ಎಸ್ ಮಟ್ಟದ ಲೆಕ್ಕವನ್ನು ಮನೆಗೆ ಕೊಡುತ್ತೇನೆ. ನ್ಯೂಕ್ಲಿಯಸ್ ಇರುವಲ್ಲಿ ಎಲೆಕ್ಟ್ರಾನ್ ಸಿಗುವ ಸಾಂದ್ರತೆ ಅಲ್ಲಿ ಎಂಟು ಪಟ್ಟು ಜಾಸ್ತಿ. ಹಾಗಾಗಿ ಉತ್ತರವೂ ಸುಮಾರು ಎಂಟು ಪಟ್ಟು. ಅಳೆದು ನೋಡಿದರೂ 8,170 ಮೆಗಾಹರ್ಟ್ಸ್ ಹತ್ತಿರವೇ ಇದೆ.