ಒಳಗೆ ಖಾಲಿ ಬನ್ನು: ಮಕ್ಕಳ ಜೊತೆ ನಮ್ಮ ಈಸ್ಟರ್ ಅಡುಗೆ

ಮಕ್ಕಳಿಗೆ ಕ್ರಿಸ್ಮಸ್ ಬೇಗ ಅರ್ಥ ಆಗುತ್ತದೆ. ಗೋದಲಿ ಇದೆ, ಅದರಲ್ಲಿ ಮಗು ಇದೆ, ಮೇಲೆ ನಕ್ಷತ್ರ ಇದೆ, ಮನೆ ತುಂಬಾ ಕುಸ್ವಾರ್ ತಿಂಡಿ ಇದೆ. ಈಸ್ಟರ್‌ಗೆ ತೋರಿಸೋದಕ್ಕೆ ಇರೋದು ಯೇಸು ಎದ್ದು ಬಂದ ಒಂದು ಖಾಲಿ ಸಮಾಧಿ. ಅದನ್ನು ತೋರಿಸಿ, ನಮಗೆ ಎಲ್ಲಕ್ಕಿಂತ ದೊಡ್ಡ ಹಬ್ಬ ಇದೇ ಅಂತ ಎಂಟು ವರ್ಷದ ಮಗುವಿಗೆ ಹೇಗೆ ಹೇಳೋದು? ಬೇಕರಿಗಳಲ್ಲಿ ಬಣ್ಣದ ಮಾರ್ಜಿಪ್ಯಾನ್ ಮೊಟ್ಟೆ ಇಡುತ್ತಾರೆ, ಮಕ್ಕಳು ಅದನ್ನೇ ಈಸ್ಟರ್ ಅಂದುಕೊಳ್ಳುತ್ತಾರೆ. ಮೊಟ್ಟೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಗುರುವಾರ ಯೇಸುವಿನ ಕೊನೆಯ ಊಟ, ಶುಕ್ರವಾರದ ಸಾವು, ಶನಿವಾರ ಕಾಯೋದು, ಇದ್ಯಾವುದೂ ಇಲ್ಲದೆ ಭಾನುವಾರ ಮಾತ್ರ ಕೈಗೆ ಸಿಕ್ಕರೆ ಆ ಭಾನುವಾರಕ್ಕೆ ತೂಕವೇ ಇರೋದಿಲ್ಲ.

ನಾನು ಇರೋದು ಕಾಸರಗೋಡಿನ ಬೇಳದ ಹತ್ತಿರ. ಅಲ್ಲಿನ ಶೋಕಮಾತೆಯ ಇಗರ್ಜಿ 1890ರದು. ಈ ಸುತ್ತಿನ ನಮ್ಮ ಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ ಮಾತಾಡಿಕೊಂಡೇ ಬೆಳೆಯುವವರು. ಭಾನುವಾರ ಅವರಿಗೆ ಧರ್ಮಶಿಕ್ಷಣದ ಕ್ಲಾಸು ತೆಗೆದುಕೊಳ್ಳುತ್ತೇನೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಕ್ಲಾಸು ನಮ್ಮ ಮನೆಯ ಜಗಲಿಗೆ ಬರುತ್ತದೆ. ಹೆಚ್ಚಿನ ವರ್ಷ ಅಷ್ಟೊತ್ತಿಗೆ ಪರೀಕ್ಷೆ ಮುಗಿದು ರಜೆ ಶುರುವಾಗಿರುತ್ತದೆ, ಹಾಗಾಗಿ ಮಕ್ಕಳಿಗೂ ಹೊತ್ತಿರುತ್ತದೆ. ಒಂದು ಸಲಕ್ಕೆ ಎಂಟು ಮಕ್ಕಳು ಸಾಕು, ಅದಕ್ಕಿಂತ ಜಾಸ್ತಿ ಆದರೆ ಹಿಟ್ಟು ಕಲಸುವವರಿಗಿಂತ ನೋಡುವವರೇ ಹೆಚ್ಚಾಗುತ್ತಾರೆ.

ನಾಲ್ಕು ದಿನಕ್ಕೂ ಸೇರಿ ನಾನು ಹಿಡಿಯುವ ಎಳೆ ಒಂದೇ. ಗುರುವಾರ ಹುಳಿ ಇಲ್ಲದ, ಅಂದರೆ ಹಿಟ್ಟು ಉಬ್ಬಿಸದ ರೊಟ್ಟಿ. ಭಾನುವಾರ ಹುಳಿ ಬಂದ ಬನ್ನು. ನಡುವೆ ಎರಡು ದಿನ ಮಕ್ಕಳು ಒಲೆಯ ಮೇಲೆ ಏನೂ ಬೇಯಿಸೋದಿಲ್ಲ.

ಗುರುವಾರದ ರೊಟ್ಟಿ ಬೆಳಿಗ್ಗೆಯೇ ಆಗಬೇಕು, ಸಂಜೆ ಪಾದ ತೊಳೆಯುವ ಪೂಜೆ ಇರುತ್ತದೆ. ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯದ ಕಥೆಯನ್ನು ನಾನು ಕೂರಿಸಿ ಹೇಳೋದಿಲ್ಲ. ಇಸ್ರಾಯೇಲರು ಈಜಿಪ್ಟಿನಿಂದ ಹೊರಟಾಗ ಹಿಟ್ಟು ಹುಳಿ ಬರುವಷ್ಟು ಹೊತ್ತೂ ಅವರಿಗೆ ಇರಲಿಲ್ಲ, ಕಲಸಿದ ಹಿಟ್ಟನ್ನು ಪಾತ್ರೆ ಸಮೇತ ಬಟ್ಟೆಯಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತುಕೊಂಡು ನಡೆದರು. ಇದನ್ನು ಮಾಡಿಯೇ ತಿಳಿಯಬೇಕು. ಯೆಹೂದ್ಯರಲ್ಲಿ ಇವತ್ತಿಗೂ, ಆ ಬಿಡುಗಡೆಯನ್ನು ನೆನೆಯುವ ಪಾಸ್ಕ ಹಬ್ಬದ ರೊಟ್ಟಿಗೆ ಒಂದು ನಿಯಮ ಇದೆ: ಹಿಟ್ಟಿಗೆ ನೀರು ಸೋಕಿದಲ್ಲಿಂದ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು. ಮೊಬೈಲಿನಲ್ಲಿ 18 ನಿಮಿಷದ ಅಲಾರಂ ಇಟ್ಟು ಮಕ್ಕಳ ನಡುವೆ ಇಡುತ್ತೇನೆ. ಎರಡು ಲೋಟ ಗೋಧಿಹಿಟ್ಟು, ಚಿಟಿಕೆ ಉಪ್ಪು, ನೀರು, ಅಷ್ಟೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಆಮೇಲೆ ನೋಡಬೇಕು ನೀವು. ಒಬ್ಬ ಕಲಸುತ್ತಾನೆ, ಒಬ್ಬಳು ಉಂಡೆ ಮಾಡುತ್ತಾಳೆ, ಲಟ್ಟಣಿಗೆಗೆ ಜಗಳ, ಕಾವಲಿ ಕಾಯಲಿಲ್ಲ ಅಂತ ಕೂಗು. ರೊಟ್ಟಿ ಒಂದೊಂದೂ ಒಂದೊಂದು ಆಕಾರ. ಫೋರ್ಕಿನಿಂದ ತೂತು ಚುಚ್ಚಬೇಕು, ಇಲ್ಲದಿದ್ದರೆ ಉಬ್ಬುತ್ತದೆ. ಅದೇ ಅಧ್ಯಾಯದಲ್ಲಿ ನಡು ಕಟ್ಟಿಕೊಂಡು, ಕಾಲಿಗೆ ಕೆರ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಅವಸರದಲ್ಲಿ ತಿನ್ನಬೇಕು ಅಂತ ಇದೆ. ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಬರೋದು ನಮ್ಮಲ್ಲಿ ಆಗದ ಮಾತು, ಅದಕ್ಕೇ ಈ ಕೆಲಸವೆಲ್ಲ ಅಂಗಳದಲ್ಲಿ, ಸಣ್ಣ ಒಲೆ ಇಟ್ಟು. ಮಕ್ಕಳು ಚಪ್ಪಲಿ ಹಾಕಿಕೊಂಡು ನಿಂತೇ ತಿನ್ನುತ್ತಾರೆ. ಕಹಿ ಸೊಪ್ಪಿನ ಬದಲು ಒಂದೊಂದು ತುಂಡು ಹಾಗಲಕಾಯಿ ಕೊಡುತ್ತೇನೆ. ಯಾರೂ ಖುಷಿಯಿಂದ ತಿನ್ನೋದಿಲ್ಲ, ಯಾರೂ ಮರೆಯೋದೂ ಇಲ್ಲ.

ಇಲ್ಲಿ ಎರಡು ವಿಷಯದಲ್ಲಿ ನಾನು ಬಹಳ ಬಿಗಿ. ಒಂದು, ಇದು ಯೆಹೂದ್ಯರು ಈಗಲೂ ಆಚರಿಸುವ ಜೀವಂತ ಹಬ್ಬ. ನಾವು ಅವರ ಪಾಸ್ಕದ ಊಟವನ್ನು ನಾಟಕದ ಹಾಗೆ ಆಡಬಾರದು. ಕಥೆ ಹೇಳುತ್ತೇವೆ, ರೊಟ್ಟಿ ಮಾಡುತ್ತೇವೆ, ಅಲ್ಲಿಗೆ ನಿಲ್ಲುತ್ತೇವೆ. ಇನ್ನೊಂದು, ಈ ರೊಟ್ಟಿಯ ಮೇಲೆ ಪೂಜೆಯಲ್ಲಿ ಗುರುಗಳು ಹೇಳುವ ಮಾತುಗಳನ್ನು ಯಾವ ಮಗುವೂ ಆಟಕ್ಕೂ ಹೇಳಬಾರದು. ಯೇಸು ಕೊನೆಯ ಊಟದಲ್ಲಿ ಮುರಿದು ಕೊಟ್ಟ ರೊಟ್ಟಿ ಇಂಥದ್ದೇ ಇದ್ದಿರಬೇಕು, ನಮ್ಮ ಪೂಜೆಯಲ್ಲಿ ಪ್ರಸಾದವಾಗಿ ಕೊಡುವ ತೆಳು ರೊಟ್ಟಿ, ಓಸ್ತಿಯನ್ನೂ ಬರೀ ಗೋಧಿಹಿಟ್ಟು ಮತ್ತು ನೀರಿನಿಂದಲೇ ಮಾಡೋದು, ಹುಳಿ ಇಲ್ಲ ಅಂತ ಹೇಳುತ್ತೇನೆ. ಪ್ರಥಮ ಪ್ರಸಾದಕ್ಕೆ ತಯಾರಾಗುವ ಮಕ್ಕಳಿಗೆ ಈ ಒಂದು ಮಾತು ಎಷ್ಟು ಬೇಗ ತಾಗುತ್ತದೆ ಗೊತ್ತಾ? ಆಗಲೇ ಪ್ರಸಾದ ಸ್ವೀಕರಿಸುವ ಮಕ್ಕಳಿಗೆ, ಇಗರ್ಜಿಯಲ್ಲಿ ನಾಲಿಗೆಗೆ ಸಪ್ಪೆ ಅನಿಸಿದ್ದು ಯಾಕೆ ಸಪ್ಪೆ ಅಂತ ಅವತ್ತು ತಿಳಿಯುತ್ತದೆ.

ನಮ್ಮ ಮನೆಯ ಪಕ್ಕದಲ್ಲಿ ರಾಜಪುರಂ ಕಡೆಯ ಒಬ್ಬರು ಚೇಚಿ (ಮಲಯಾಳಂನಲ್ಲಿ ಅಕ್ಕ) ಇದ್ದಾರೆ. 1943ರಲ್ಲಿ ಕೋಟ್ಟಯಂ ಕಡೆಯಿಂದ ಅಲ್ಲಿಗೆ ವಲಸೆ ಬಂದವರ ಕುಟುಂಬ. ಅವರ ಮನೆಯಲ್ಲಿ ಗುರುವಾರ ರಾತ್ರಿ ಪೆಸಹಾ ಅಪ್ಪಂ, ಅಂದರೆ ಪಾಸ್ಕದ ಅಪ್ಪ. ಅಕ್ಕಿಹಿಟ್ಟು, ಉದ್ದು ಮತ್ತು ತೆಂಗಿನಕಾಯಿ ಸೇರಿಸಿ, ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುತ್ತಾರೆ. ಮೇಲೆ ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಗರಿಯ ಪುಟ್ಟ ಶಿಲುಬೆ. ಜೊತೆಗೆ ತೆಂಗಿನಹಾಲು, ಬೆಲ್ಲ ಸೇರಿಸಿ ಮಾಡಿದ ‘ಪಾಲ್’, ಅಂದರೆ ಹಾಲು. ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಅಪ್ಪ ಮುರಿದು ಎಲ್ಲರಿಗೂ ಕೊಡುತ್ತಾರೆ. ಆ ವರ್ಷ ಸಾವಾದ ಮನೆಯವರು ಅದನ್ನು ಮಾಡೋದಿಲ್ಲ, ನೆಂಟರೋ ನೆರೆಯವರೋ ತಂದುಕೊಡುತ್ತಾರೆ. ಚೇಚಿ ಮಕ್ಕಳಿಗೆ ಇದನ್ನೆಲ್ಲ ಮಲಯಾಳಂನಲ್ಲೇ ಹೇಳುತ್ತಾರೆ, ಯಾರಿಗೂ ತೊಂದರೆ ಇಲ್ಲ. ಓವನ್ ಇಲ್ಲ, ಹಬ್ಬದ ಅಡುಗೆ ಹೇಗೆ ಕಲಿಸೋದು ಅಂತ ಕೇಳುವವರಿಗೆ ನಾನು ಮೊದಲು ಹೇಳೋದೇ ಇದನ್ನು: ಇಡ್ಲಿ ಪಾತ್ರೆ ಇದ್ದರೆ ಸಾಕು.

ಶುಭ ಶುಕ್ರವಾರ ಶಿಲುಬೆಯ ಗುರುತು ಇರುವ ಬನ್ನು ಮಾಡುವ ಪದ್ಧತಿ ಇಂಗ್ಲೆಂಡಿನದು. ಮಂಗಳೂರಿನ ಕೆಲವು ಬೇಕರಿಗಳಲ್ಲೂ ಸಿಗುತ್ತದೆ. ಒಳ್ಳೆಯದೇ. ಆದರೂ ನಾನು ಅವತ್ತು ಮಕ್ಕಳಿಂದ ಏನನ್ನೂ ಬೇಯಿಸೋದಿಲ್ಲ. ದೊಡ್ಡವರು ಗಂಜಿ ಕುಡಿದು ಉಪವಾಸ ಇರುವ ದಿನ, ಮನೆಯಲ್ಲಿ ಬನ್ನಿನ ಪರಿಮಳ ಎದ್ದರೆ ಮಕ್ಕಳ ಮನಸ್ಸು ಅಲ್ಲಿಗೇ ಹೋಗುತ್ತದೆ. ಬದಲಿಗೆ ಕುಟ್ಟಾಣಿ ಕೊಡುತ್ತೇನೆ. ಭಾನುವಾರಕ್ಕೆ ಬೇಕಾದ ಚೆಕ್ಕೆ, ಲವಂಗ, ಏಲಕ್ಕಿ ಕುಟ್ಟಬೇಕು. ಕುಟ್ಟುವಾಗ ಯೊವಾನ್ನನ ಸುವಾರ್ತೆಯ 19ನೇ ಅಧ್ಯಾಯದ ನಿಕೊದೇಮನ ಮಾತು ಬರುತ್ತದೆ. ಯೇಸುವಿನ ದೇಹಕ್ಕೆ ಹಚ್ಚಲು ಅವನು ರಕ್ತಬೋಳ ಮತ್ತು ಅಗರಿನ ಸುಗಂಧದ ಮಿಶ್ರಣ ತಂದಿದ್ದ. ಈಗಿನ ಲೆಕ್ಕಕ್ಕೆ ಸುಮಾರು 33 ಕಿಲೋ. ನಮ್ಮ ಚೆಕ್ಕೆ ಲವಂಗ ಅದೇ ಸಾಮಾನು ಅಲ್ಲ, ಅದನ್ನೂ ಹೇಳುತ್ತೇನೆ. 33 ಕಿಲೋ ಅಂದರೆ ಎಷ್ಟು? ಮೂಲೆಯಲ್ಲಿದ್ದ 25 ಕಿಲೋ ಅಕ್ಕಿಚೀಲವನ್ನು ಎತ್ತಿ ನೋಡಿ ಅಂದೆ. ಮೂವರು ಸೇರಿ ಎತ್ತಿದರು, ನೆಲದಿಂದ ಒಂದು ಗೇಣು ಮೇಲೆ ಬಂತು. ಇದಕ್ಕಿಂತಲೂ ಭಾರನಾ ಟೀಚರ್, ಅಂತ ಒಬ್ಬ ಕೇಳಿದ. ಹೌದು. ಅಷ್ಟು ಪ್ರೀತಿ ಇತ್ತು, ಅಷ್ಟೇ ದುಃಖ ಇತ್ತು ಅಂದೆ. ಆಮೇಲೆ ಕುಟ್ಟಾಣಿಯ ಸದ್ದು ಬಿಟ್ಟರೆ ಯಾರೂ ಮಾತಾಡಲಿಲ್ಲ.

ಈಗ ಶನಿವಾರ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ದಿನ ಇದು, ಎಲ್ಲರೂ ಬಿಟ್ಟುಬಿಡುವ ದಿನವೂ ಇದೇ.

ಸಂಜೆ ಹಿಟ್ಟು ಕಲಸುತ್ತೇವೆ. ಎಂಟು ಮಕ್ಕಳಿಗೆ ಅರ್ಧ ಕಿಲೋ ಮೈದಾ, 300 ಮಿಲಿ ಹಾಲು, 60 ಗ್ರಾಂ ಸಕ್ಕರೆ, 60 ಗ್ರಾಂ ಮೆತ್ತಗಿನ ಬೆಣ್ಣೆ, ಒಂದೂವರೆ ಟೀ ಚಮಚ ಉಪ್ಪು, ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಸಾಮಾನ್ಯವಾಗಿ ಇಷ್ಟು ಮೈದಾಕ್ಕೆ ಎರಡು ಚಮಚ ಯೀಸ್ಟ್ ಹಾಕುತ್ತಾರೆ. ಇಲ್ಲಿ ಹಿಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿ ಇರೋದರಿಂದ ಅರ್ಧ ಸಾಕು. ನಮ್ಮ ಏಪ್ರಿಲ್ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ಉಕ್ಕಿ ಹುಳಿ ವಾಸನೆ ಹತ್ತುತ್ತದೆ. ಹಿಟ್ಟಿಗೆ ಹಾಕುವಾಗ ಹಾಲನ್ನು ಮತ್ತೆ ಬಿಸಿ ಮಾಡಲೇಬೇಡಿ, ಕಾಯಿಸಿ ಪೂರ್ತಿ ಆರಿದ ಹಾಲು ಸಾಕು. ಬಿಸಿ ಹಾಲು ಯೀಸ್ಟನ್ನು ಕೊಂದುಬಿಡುತ್ತದೆ. ಕಲಸಿ, ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಮಕ್ಕಳು ಸರದಿಯಲ್ಲಿ ನಾದುತ್ತಾರೆ. ಮೊದಲು ಕೈಗೆಲ್ಲ ಅಂಟುತ್ತದೆ, ಮೈದಾ ಇನ್ನೂ ಹಾಕಿ ಅಂತ ಕೇಳುತ್ತಾರೆ, ಹಾಕಬೇಡಿ. ನಾದಿದಂತೆ ತಾನಾಗಿ ಕೈ ಬಿಡುತ್ತದೆ.

ಆಮೇಲೆ ಹಿಟ್ಟನ್ನು ಎಂಟು ಪಾಲು ಮಾಡಿ, ಪ್ರತಿಯೊಬ್ಬರ ಪಾಲನ್ನು ಅವರವರ ಸ್ಟೀಲ್ ಡಬ್ಬಿಗೆ ಹಾಕಿ ಮನೆಗೆ ಕಳಿಸುತ್ತೇನೆ. ಡಬ್ಬಿ ಅರ್ಧಕ್ಕಿಂತ ಕಡಿಮೆ ತುಂಬಿರಬೇಕು. ಮುಚ್ಚಳ ಸಡಿಲ ಇರಬೇಕು, ಬಿಗಿ ಮುಚ್ಚಳ ಒಳಗಿನ ಗಾಳಿಗೆ ಸಿಡಿಯಬಹುದು. ಫ್ರಿಜ್‌ನಲ್ಲಿ ಇಡಬೇಕು. ಬೆಳಿಗ್ಗೆಯವರೆಗೆ ತೆರೆಯಬಾರದು. ತೆರೆದರೆ ಏನಾಗುತ್ತದೆ ಅಂತ ಕೇಳುತ್ತಾರೆ. ಏನೂ ಆಗೋದಿಲ್ಲ, ಆದರೂ ತೆರೆಯಬಾರದು ಅನ್ನುತ್ತೇನೆ. ಯೇಸುವನ್ನು ಹೂಳಿದ ಮೇಲೆ ಶಿಷ್ಯರಿಗೂ ಅವರ ಜೊತೆಗಿದ್ದ ಹೆಂಗಸರಿಗೂ ಆ ದಿನ ಮಾಡೋದಕ್ಕೆ ಏನೂ ಇರಲಿಲ್ಲ. ಸುಮ್ನೆ ಇರಬೇಕಿತ್ತು. ಲೂಕನ ಸುವಾರ್ತೆಯಲ್ಲಿ ಸುಗಂಧದ್ರವ್ಯ ತಯಾರು ಮಾಡಿಟ್ಟುಕೊಂಡು ಹೆಂಗಸರು ಸಬ್ಬತ್ ದಿನ ವಿಶ್ರಮಿಸಿದರು ಅಂತ ಒಂದು ಸಾಲು ಬರುತ್ತದೆ, ಅಷ್ಟೇ. ಶುಕ್ರವಾರದ ಬಗ್ಗೆ ಪುಟಗಟ್ಟಲೆ ಇದೆ, ಶನಿವಾರದ ಬಗ್ಗೆ ಒಂದು ಸಾಲು! ಮಕ್ಕಳಿಗೆ ಈ ದಿನವನ್ನು ವಿವರಿಸೋದಕ್ಕೆ ಆಗೋದಿಲ್ಲ, ಕಾಯಿಸೋದಕ್ಕೆ ಮಾತ್ರ ಆಗುತ್ತದೆ. ಡಬ್ಬಿ ಫ್ರಿಜ್‌ನಲ್ಲಿರುತ್ತದೆ, ಅವರು ರಾತ್ರಿ ಅಪ್ಪ ಅಮ್ಮನ ಜೊತೆ ಜಾಗರಣೆಯ ಪೂಜೆಗೆ ಬರುತ್ತಾರೆ, ಕತ್ತಲಲ್ಲಿ ಹೊಸ ಬೆಂಕಿ ಹಚ್ಚೋದನ್ನು ನೋಡುತ್ತಾರೆ, ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಒಮ್ಮೆಲೇ ಬಾರಿಸೋದನ್ನು ಕೇಳುತ್ತಾರೆ.

ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಓಡಿ ಬರುತ್ತಾರೆ. ಹಿಟ್ಟು ಮುಚ್ಚಳವನ್ನೇ ಎತ್ತಿಬಿಟ್ಟಿದೆ ಟೀಚರ್, ನನ್ನದು ಉಕ್ಕಿದೆ, ಅವಳದಕ್ಕಿಂತ ನನ್ನದು ದೊಡ್ಡದು. ಯಾರೂ ಮುಟ್ಟದೆ, ಕತ್ತಲಲ್ಲಿ, ಎಲ್ಲರೂ ಮಲಗಿದ್ದಾಗ ಆದದ್ದು. ಮತ್ತಾಯನ 13ನೇ ಅಧ್ಯಾಯದಲ್ಲಿ ಸ್ವರ್ಗಸಾಮ್ರಾಜ್ಯ ಅಂದರೆ ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿನೊಳಗೆ ಸೇರಿಸಿದ ಹುಳಿಯ ಹಾಗೆ ಅಂತ ಯೇಸು ಹೇಳಿದ್ದನ್ನು ಆಗ ಓದಿಸುತ್ತೇನೆ.

ಬನ್ನಿಗೆ ಬೆಣ್ಣೆಯನ್ನು ಹಿಂದಿನ ದಿನವೇ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಫ್ರೀಜರ್‌ನಲ್ಲಿ ಇಟ್ಟಿರಬೇಕು. ಎಂಟು ಹತ್ತು ಗ್ರಾಂ ಒಂದೊಂದು. ಅದು ಕಲ್ಲಿನಷ್ಟು ಗಟ್ಟಿ ಆಗಿರಬೇಕು, ಇದು ಮುಖ್ಯ. ಪ್ರತಿ ಮಗುವಿನ ಹಿಟ್ಟಿನಲ್ಲಿ ಎರಡು ಬನ್ನು ಬರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಹಿಟ್ಟಿನ ತಣುಪು ಬಿಟ್ಟ ಮೇಲೆ ಅಂಗೈಯಲ್ಲಿ ತಟ್ಟಿ, ಬೆಣ್ಣೆಯನ್ನು ಸಕ್ಕರೆ ಮತ್ತು ಶುಕ್ರವಾರ ಕುಟ್ಟಿದ ಪುಡಿಯಲ್ಲಿ ಹೊರಳಿಸಿ ಒಳಗಿಟ್ಟು, ಅಂಚುಗಳನ್ನು ಒಟ್ಟು ಸೇರಿಸಿ ಬಿಗಿಯಾಗಿ ಚಿವುಟಿ ಮುಚ್ಚಬೇಕು. ಚಿವುಟಿದ ಭಾಗ ತಟ್ಟೆಗೆ ತಾಗುವ ಹಾಗೆ ಇಟ್ಟು ಮತ್ತೆ ಮುಕ್ಕಾಲು ಗಂಟೆ ಬಿಡಬೇಕು. ಆಮೇಲೆ 180 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ. ಕರೆಂಟು ಹೋದರೆ ದಪ್ಪ ತಳದ ಪಾತ್ರೆಯಲ್ಲಿ ಒಂದಿಂಚು ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಗ್ಯಾಸಿನ ಮೇಲೆ ಚೆನ್ನಾಗಿ ಕಾಯಿಸಿ ಅದರಲ್ಲೇ ಬೇಯಿಸಬಹುದು. ಮೇಲೆ ಕೆಂಪಗಾಗೋದು ಸ್ವಲ್ಪ ಕಡಿಮೆ, ರುಚಿ ಅದೇ.

ಬೆಚ್ಚಗಿರುವಾಗಲೇ ಮುರಿಯಬೇಕು. ಒಳಗೆ ಗುಹೆ. ಬೆಣ್ಣೆ ಕರಗಿ ಸುತ್ತಲಿನ ಹಿಟ್ಟಿಗೆ ಇಳಿದು, ಅದು ಇದ್ದ ಜಾಗ ಹಾಗೇ ಉಳಿದಿರುತ್ತದೆ. ಒಬ್ಬ ಹುಡುಗ ಆ ತೂತಿಗೆ ಬೆರಳು ಹಾಕಿ ಆಚೀಚೆ ತಿರುಗಿಸಿ, ಬೆಣ್ಣೆ ಎಲ್ಲಿ ಹೋಯಿತು ಅಂತ ಕೇಳಿದ. ಪಕ್ಕದಲ್ಲಿದ್ದ ಹುಡುಗಿ ಆಗಲೇ ಬಾಯಿ ತುಂಬಾ ತಿನ್ನುತ್ತಿದ್ದಳು. ಇಡೀ ಬನ್ನಲ್ಲಿ ಇದೆ ಮಾರಾಯ, ತಿಂದು ನೋಡು ಅಂದಳು. ನಾನು ತಯಾರು ಮಾಡಿಟ್ಟುಕೊಂಡಿದ್ದ ಮಾತು ಬೇಡವೇ ಬೇಡವಾಯಿತು.

ಆದರೆ ದೊಡ್ಡ ಮಕ್ಕಳು ಅಲ್ಲಿಗೆ ಬಿಡೋದಿಲ್ಲ, ಬಿಡಲೂಬಾರದು. ಹಾಗಾದರೆ ಯೇಸು ಕರಗಿ ಹೋದರಾ ಅಂತ ಐದನೇ ಕ್ಲಾಸಿನವಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ ಇದು. ಬನ್ನು ತೋರಿಸೋದು ಸಮಾಧಿ ಖಾಲಿ ಇತ್ತು ಅನ್ನೋದನ್ನು ಮಾತ್ರ. ಎದ್ದು ಬಂದವರು ಗಾಳಿಯ ಹಾಗೆ ಇರಲಿಲ್ಲ. ಲೂಕನ 24ರಲ್ಲಿ ಶಿಷ್ಯರ ಎದುರೇ ಸುಟ್ಟ ಮೀನಿನ ತುಂಡು ತಿಂದು ತೋರಿಸುತ್ತಾರೆ. ಯೊವಾನ್ನನ 21ರಲ್ಲಿ ತಾವೇ ಸರೋವರದ ದಡದಲ್ಲಿ ಇದ್ದಿಲ ಬೆಂಕಿ ಮಾಡಿ, ಮೀನು ಮತ್ತು ರೊಟ್ಟಿ ಇಟ್ಟುಕೊಂಡು, ಬನ್ನಿ ಊಟ ಮಾಡಿ ಅಂತ ಕರೆಯುತ್ತಾರೆ. ಬಲೆಯಲ್ಲಿ 153 ದೊಡ್ಡ ಮೀನು ಬಿದ್ದಿತ್ತು, ಆ ಲೆಕ್ಕ ಮಕ್ಕಳಿಗೆ ಬಹಳ ಇಷ್ಟ. ಕುಂಬಳೆಯ ಕಡಲು ನೋಡಿ ಬೆಳೆದ ಮಕ್ಕಳಿಗೆ ಈ ಕಥೆಯನ್ನು ಬಿಡಿಸಿ ಹೇಳೋದೇ ಬೇಡ, ಅಲ್ವಾ?

ಅದಕ್ಕೇ ಈಗ ಬನ್ನಿನ ಜೊತೆ ಅಂಗಳದಲ್ಲಿ ಗೆರಟೆಯ ಕೆಂಡ ಮಾಡಿ ಬಂಗುಡೆಯನ್ನೂ ಸುಡುತ್ತೇವೆ. ಮೀನು ಶನಿವಾರವೇ ತಂದು ಉಪ್ಪು, ಅರಿಶಿನ, ಹುಣಸೆ ಹಚ್ಚಿ ಇಡಬೇಕು. ಮೆಣಸು ಜಾಸ್ತಿ ಬೇಡ, ಸಿಹಿ ಬನ್ನಿನ ಜೊತೆ ತಿನ್ನೋದು. ಮುಳ್ಳು ತೆಗೆದುಕೊಡೋದಕ್ಕೆ ಒಬ್ಬರು ದೊಡ್ಡವರು ಪಕ್ಕದಲ್ಲೇ ಇರಲಿ.