ಬಾಕಿದಾರ ಆಸ್ತಿ ದಾಟಿಸಿದರೆ ಏನು ಮಾಡಬೇಕು?

ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಉದ್ರಿ ಮಾಲು ಕೊಟ್ಟಿದ್ದಾರೆ ಎನ್ನಿ. ಬಾಕಿ ಕೇಳುವಷ್ಟರಲ್ಲಿ ಮಗ್ಗದ ಶೆಡ್ಡು ನಿರ್ದೇಶಕನ ಹೆಂಡತಿ ಹೆಸರಿಗೆ ಖರೀದಿಯಾಗಿದೆ. ಒಳಗೆ ಅವೇ ಮಗ್ಗ, ಹೊರಗೆ ಹೊಸ ಕಂಪನಿಯ ಬೋರ್ಡು.

ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಯಿರಿ, ಆಮೇಲೆ ಆ ಖರೀದಿಪತ್ರದ ದೃಢೀಕೃತ ನಕಲು. ಅದರಲ್ಲಿ ನೋಡಬೇಕಾದ್ದು ಮೂರು: ತಾರೀಖು ನಿಮ್ಮ ಬಿಲ್ಲು, ನೋಟಿಸಿನ ನಂತರದ್ದೇ? ಬೆಲೆ ಮಾರುಕಟ್ಟೆ ದರಕ್ಕೆ ಹತ್ತಿರವೇ? ಹಣ ಮುಟ್ಟಿದ್ದು ಹೇಗೆ? ಚೆಕ್ ನಂಬರ್ ಇಲ್ಲದೆ ‘ಈ ಮೊದಲೇ ನಗದಾಗಿ ಮುಟ್ಟಿದೆ’ ಎಂದಿದ್ದರೆ ಆ ಸಾಲಿಗೆ ಗುರುತು ಹಾಕಿಡಿ.

ಆಸ್ತಿ ವರ್ಗಾವಣೆ ಕಾಯ್ದೆ 1882ರ 53ನೇ ಕಲಮಿನಡಿ, ಬಾಕಿ ಬರಬೇಕಾದವರನ್ನು (ಲೇಣಿದಾರರನ್ನು) ವಂಚಿಸಲು ಮಾಡಿದ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ದಾವೆ ಎಲ್ಲ ಲೇಣಿದಾರರ ಪರವಾಗಿ ಇರಬೇಕು; ‘ನನಗಷ್ಟೇ’ ಎಂದು ಕೇಳಿದರೆ ಅಲ್ಲೇ ಎಡವುತ್ತೀರಿ. ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರಿಗೆ ರಕ್ಷಣೆಯಿದೆ. ದಾನಪತ್ರಕ್ಕೆ ಅದಿಲ್ಲ.

ಇನ್ನೂ ಮಾರದೆ ಉಳಿದ ಆಸ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5ರ ಪ್ರಕಾರ ತೀರ್ಪಿಗೆ ಮುಂಚಿನ ಜಪ್ತಿ ಕೇಳಿ. ಆಸ್ತಿಯ ವಿವರ, ಅಂದಾಜು ಬೆಲೆ, ಮಾರಾಟದ ತಯಾರಿಗೆ ಪುರಾವೆ ಬೇಕು. ಬರೀ ಅನುಮಾನಕ್ಕೆ ಜಪ್ತಿ ಸಿಗದು. ದಾವೆಗೆ ಮುಂಚೆಯೇ ನೋಂದಣಿಯಾಗಿ ಹೋದದ್ದಕ್ಕೆ ಈ ಅರ್ಜಿ ಹಾಕಿ ಕಾಲ ಕಳೆಯಬೇಡಿ, ಅದಕ್ಕೆ 53ನೇ ಕಲಮೇ ದಾರಿ. ವಾಣಿಜ್ಯ ವ್ಯಾಜ್ಯ 3 ಲಕ್ಷ ಅಥವಾ ಮೇಲ್ಪಟ್ಟಿದ್ದರೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ತುರ್ತು ಮಧ್ಯಂತರ ಆದೇಶ ನಿಜಕ್ಕೂ ಬೇಕಿದ್ದಾಗ ಮಾತ್ರ ವಿನಾಯಿತಿ.

ಕಷ್ಟದ ಭಾಗ ಕಂಪನಿಯ ಮುಸುಕು ಸರಿಸುವುದು, ಅಂದರೆ ಅದರ ಹಿಂದಿರುವವರನ್ನೇ ಹೊಣೆ ಮಾಡುವುದು. ನಿರ್ದೇಶಕ ಜಾಮೀನು ಬರೆದುಕೊಡದಿದ್ದರೆ ಕಂಪನಿಯ ಬಾಕಿಗೆ ಅವನ ಸ್ವಂತ ಹೊಲ-ಮನೆ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡೂ ಕಂಪನಿಗಳು ವಂಚನೆಗೆ ಹೂಡಿದ ಒಂದೇ ಆಟವೆಂದು ತೋರಿಸಬೇಕು: ಒಂದೇ ವಿಳಾಸದ ಜಿಎಸ್‌ಟಿ ನೋಂದಣಿ, ಅವರೇ ನಿರ್ದೇಶಕರು, ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಬದಲಾಗದ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ). ನಿರ್ದೇಶಕರ ಹೆಸರುಗಳು ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಸಿಗುತ್ತವೆ. ಕರೆಂಟ್ ಬಿಲ್ಲನ್ನು ಕೋರ್ಟ್ ಮೂಲಕ ತರಿಸಿ.

ಬಾಕಿ 1 ಕೋಟಿ ಮುಟ್ಟಿದ್ದರೆ ದಿವಾಳಿ ಸಂಹಿತೆ 2016ರಡಿ ಬೇಡಿಕೆ ನೋಟಿಸ್ ಕೊಟ್ಟು, 10 ದಿನದ ನಂತರ ಬೆಂಗಳೂರಿನ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಬಹುದು. ಕಡಿಮೆ ಬೆಲೆಯ ವ್ಯವಹಾರವನ್ನು ಸಂಬಂಧಿಕರ ಜತೆಗಿದ್ದರೆ 2 ವರ್ಷ, ಹೊರಗಿನವರಾದರೆ 1 ವರ್ಷ ಹಿಂದಿನವರೆಗೆ ಕೆದಕಬಹುದು. ಆದರೆ ವಾಪಸು ಬಂದ ಆಸ್ತಿ ಕಂಪನಿಯ ಗಂಟಿಗೆ ಸೇರುತ್ತದೆ, ನೇರ ನಿಮ್ಮ ಕೈಗಲ್ಲ. ಅಲ್ಲಿ ಬ್ಯಾಂಕಿನವರು ಮೊದಲೇ ಕುಳಿತಿರುತ್ತಾರೆ.